ಕಚೇರಿ ತಂತ್ರಾಂಶ ಸ್ಪರ್ಧೆ: ಫೈಲಿನ ಒಳಗನ್ನೂ ನೋಡಿ ಅಂಕ ಕೊಡಲಿ

ಮಾನ್ಯ ಸಂಪಾದಕರೇ,

ವಿದ್ಯಾರ್ಥಿಗಳಿಗಾಗಿ ನಡೆಯುವ, ವರ್ಡ್, ಎಕ್ಸೆಲ್‌ನಂಥ ಕಚೇರಿ ತಂತ್ರಾಂಶ ಬಳಕೆಯ ಸ್ಪರ್ಧೆಗಳ ಸುದ್ದಿ ಪತ್ರಿಕೆಗಳಲ್ಲಿ ಬಂದಾಗ ಗೆದ್ದವರು ಎಷ್ಟು ಅಂಕ ಪಡೆದರು, ಎಷ್ಟು ನಿಮಿಷಗಳಲ್ಲಿ ಕೆಲಸ ಮುಗಿಸಿದರು ಎಂಬ ವಿವರ ತಪ್ಪದೆ ಇರುತ್ತದೆ. ಅವರು ತಯಾರಿಸಿದ್ದೇನು, ಆ ಫೈಲನ್ನು ಮರುದಿನ ಬೇರೊಬ್ಬರು ತೆರೆದು ಕೆಲಸ ಮುಂದುವರಿಸಲು ಸಾಧ್ಯವಿತ್ತೇ ಎಂಬುದು ಮಾತ್ರ ಸುದ್ದಿಯಲ್ಲಿ ಇರುವುದಿಲ್ಲ; ಹಲವು ಸ್ಪರ್ಧೆಗಳ ಅಂಕಪಟ್ಟಿಯಲ್ಲೂ ಇರುವುದಿಲ್ಲ. ವೃತ್ತಿಜೀವನವನ್ನೆಲ್ಲ ಲೆಕ್ಕಪತ್ರ ಮತ್ತು ಲೆಕ್ಕಪರಿಶೋಧನೆಯಲ್ಲಿ ಕಳೆದು, ನಿವೃತ್ತಿಯ ನಂತರ ಇಂಥ ಸ್ಪರ್ಧೆಗಳಿಗೆ ತೀರ್ಪುಗಾರನಾಗಿ ಹೋಗುತ್ತಿರುವ ನನಗೆ ಇದು ಗಂಭೀರ ಕೊರತೆಯಾಗಿ ಕಾಣುತ್ತಿದೆ. ಸಂಘಟಕರು, ಶಿಕ್ಷಕರು ಮತ್ತು ಸ್ಪರ್ಧೆಗೆ ಸಿದ್ಧರಾಗುತ್ತಿರುವ ವಿದ್ಯಾರ್ಥಿಗಳು ಈ ಬಗ್ಗೆ ಯೋಚಿಸಲಿ ಎಂಬ ಕಾರಣಕ್ಕೆ ತಮ್ಮ ಅಂಕಣದ ಮೂಲಕ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಾನು ಈ ಸ್ಪರ್ಧೆಗಳ ವಿರೋಧಿಯಲ್ಲ. ವ್ಯವಹಾರದ ಪತ್ರ ಬರೆಯುವುದು, ಲೆಕ್ಕದ ಶೀಟ್ ಕಟ್ಟುವುದು, ಹತ್ತು ಜನರೆದುರು ವರದಿ ಮಂಡಿಸುವುದು ಇವೆಲ್ಲ ಗೌರವಕ್ಕೆ ಅರ್ಹವಾದ ಕೌಶಲಗಳು. ಗಣಿತ ಒಲಿಂಪಿಯಾಡಿಗೋ ಚರ್ಚಾಸ್ಪರ್ಧೆಗೋ ಸಿಗುವ ಮನ್ನಣೆ ಇವಕ್ಕೆ ಬಹುಕಾಲ ಸಿಕ್ಕಿರಲಿಲ್ಲ. ಅಮೆರಿಕದಲ್ಲಿ ವಾಣಿಜ್ಯ ಶಿಕ್ಷಣದ ವಿದ್ಯಾರ್ಥಿಗಳಿಗಾಗಿ ಫ್ಯೂಚರ್ ಬಿಸಿನೆಸ್ ಲೀಡರ್ಸ್ ಆಫ್ ಅಮೆರಿಕ ಎಂಬ ಸಂಘಟನೆಯ ಮೊದಲ ಶಾಲಾ ಘಟಕ 1942ರಲ್ಲಿ ಆರಂಭವಾಯಿತು. ಇಂದು ಬಿಸಿನೆಸ್ ಪ್ರೊಫೆಷನಲ್ಸ್ ಆಫ್ ಅಮೆರಿಕ ಎಂದು ಕರೆಯಲಾಗುವ ಇನ್ನೊಂದು ಸಂಘಟನೆ 1966ರಲ್ಲಿ ಹುಟ್ಟಿತು. ಈ ಎರಡೂ ಸಂಘಟನೆಗಳು ಪದಸಂಸ್ಕರಣೆ (ವರ್ಡ್ ಪ್ರೊಸೆಸಿಂಗ್), ಸ್ಪ್ರೆಡ್‌ಶೀಟ್ ಮತ್ತು ಡೇಟಾಬೇಸ್ ವಿಷಯಗಳಲ್ಲಿ ವಿದ್ಯಾರ್ಥಿ ಸ್ಪರ್ಧೆಗಳನ್ನು ನಡೆಸುತ್ತ ಬಂದಿವೆ. 13ರಿಂದ 22 ವರ್ಷದೊಳಗಿನವರಿಗಾಗಿ 2002ರಿಂದ ನಡೆಯುತ್ತಿರುವ ಮೈಕ್ರೋಸಾಫ್ಟ್ ಆಫೀಸ್ ಸ್ಪೆಷಲಿಸ್ಟ್ ವಿಶ್ವ ಚಾಂಪಿಯನ್‌ಷಿಪ್ ವರ್ಡ್, ಎಕ್ಸೆಲ್ ಮತ್ತು ಪವರ್‌ಪಾಯಿಂಟ್ ಕೌಶಲವನ್ನು ಅಂತರರಾಷ್ಟ್ರೀಯ ವೇದಿಕೆಗೆ ತಂದಿದೆ. ಇತ್ತೀಚಿನ ವರ್ಷಗಳಲ್ಲಿ ಎಕ್ಸೆಲ್ ಕ್ರೀಡೆಯ ರೂಪವನ್ನೂ ಪಡೆದಿದ್ದು, ಲಾಸ್ ವೇಗಸ್‌ನ ಕ್ರೀಡಾಂಗಣದಲ್ಲಿ ಸ್ಪರ್ಧಿಗಳ ಪರದೆಗಳನ್ನು ಪ್ರೇಕ್ಷಕರಿಗೆ ತೋರಿಸುತ್ತ, ವೀಕ್ಷಕ ವಿವರಣೆಯೊಂದಿಗೆ ಎಕ್ಸೆಲ್ ವಿಶ್ವ ಚಾಂಪಿಯನ್‌ಷಿಪ್‌ನ ಅಂತಿಮ ಸುತ್ತು ನಡೆಯುತ್ತದೆ. ಕಾಲೇಜು ವಿದ್ಯಾರ್ಥಿಗಳಿಗೂ ಇದೇ ಮಾದರಿಯ ಪ್ರತ್ಯೇಕ ಸ್ಪರ್ಧೆ ಇದೆ. ಸೂತ್ರ ಬರೆಯುವುದನ್ನು ಜನ ಕೂತು ನೋಡುತ್ತಾರೆ, ಚಪ್ಪಾಳೆ ತಟ್ಟುತ್ತಾರೆ ಎಂಬುದೇ ನನಗೆ ಸಂತೋಷ ಕೊಡುವ ಸಂಗತಿ.

ನನ್ನ ತಕರಾರು ಇರುವುದು ಮೌಲ್ಯಮಾಪನದ ರೀತಿಯ ಬಗ್ಗೆ. ಸಾಮಾನ್ಯವಾಗಿ ಮೊದಲ ಸುತ್ತಿನಲ್ಲಿ ಯಂತ್ರವೇ ತಿದ್ದುವ ಪರೀಕ್ಷೆ ಇರುತ್ತದೆ: ಇಂಥ ಸಾಲನ್ನು ಇಂಥ ಬಣ್ಣಕ್ಕೆ ತನ್ನಿ, ಇಂಥ ಕಾಲಂನ ಸರಾಸರಿ ತೆಗೆಯಿರಿ, ಇಂಥ ಚಾರ್ಟಿಗೆ ಶೀರ್ಷಿಕೆ ಕೊಡಿ ಎಂಬಂಥ ಬಿಡಿಬಿಡಿ ಸೂಚನೆಗಳನ್ನು ಪಾಲಿಸಬೇಕು. ಅಂತಿಮ ಸುತ್ತಿನಲ್ಲಿ ಹಲವೆಡೆ ಮುದ್ರಿತ ದಾಖಲೆಯೊಂದನ್ನು ಸ್ಪರ್ಧಿಯ ಕೈಗೆ ಕೊಟ್ಟು, ಅದನ್ನು ತದ್ರೂಪವಾಗಿ ಮರುಸೃಷ್ಟಿಸಲು ಹೇಳುತ್ತಾರೆ. ಇದಕ್ಕೆ ಬೇಕಾದ ಏಕಾಗ್ರತೆ, ಸೂಕ್ಷ್ಮ ದೃಷ್ಟಿ, ಬೆರಳಿನ ಚುರುಕು ಎಲ್ಲವೂ ಮೆಚ್ಚತಕ್ಕದ್ದೇ. ಆದರೆ ಕಾಗದದ ಮೇಲೆ ಒಂದೇ ರೀತಿ ಕಾಣುವ ಎರಡು ಫೈಲುಗಳು ಒಳಗೆ ಅಜಗಜಾಂತರವಾಗಿರಬಹುದು ಎಂಬುದು ಲೆಕ್ಕದ ಕೆಲಸ ಮಾಡಿದ ಯಾರಿಗಾದರೂ ಗೊತ್ತಿರುತ್ತದೆ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ವ್ಯಾಪಾರಿ ಸಂಸ್ಥೆಯೊಂದರ ಹನ್ನೆರಡು ತಿಂಗಳ ಮಾರಾಟ, ಅದರ ಮೇಲೆ ಶೇ 5ರಷ್ಟು ರಿಯಾಯಿತಿ, ನಿವ್ವಳ ಮೊತ್ತ, ಕೊನೆಯಲ್ಲಿ ವಾರ್ಷಿಕ ಒಟ್ಟು ಇಷ್ಟನ್ನು ತೋರಿಸುವ ಶೀಟನ್ನು ಇಬ್ಬರು ವಿದ್ಯಾರ್ಥಿಗಳು ತಯಾರಿಸುತ್ತಾರೆ ಎಂದಿಟ್ಟುಕೊಳ್ಳಿ. ಇಬ್ಬರ ಅಂಕಿಗಳೂ ಸರಿ, ಇಬ್ಬರ ಮುದ್ರಿತ ಪ್ರತಿಯೂ ಒಂದೇ. ಮೊದಲನೆಯವರು ರಿಯಾಯಿತಿಯ ದರವನ್ನು ಪ್ರತ್ಯೇಕ ಸೆಲ್‌ನಲ್ಲಿ, ಅಂದರೆ ಶೀಟಿನ ಒಂದು ಚೌಕದಲ್ಲಿ ಇಟ್ಟು, ಅದಕ್ಕೊಂದು ಹೆಸರು ಕೊಟ್ಟು, ಹನ್ನೆರಡೂ ಸಾಲಿನ ಸೂತ್ರಗಳು ಆ ಒಂದೇ ಸೆಲ್ಲನ್ನು ನೋಡುವಂತೆ ಮಾಡಿದ್ದಾರೆ. ಎರಡನೆಯವರು ಪ್ರತಿ ಸೂತ್ರದ ಒಳಗೂ ಐದು ಎಂಬ ಅಂಕಿಯನ್ನೇ ಬರೆದಿದ್ದಾರೆ. ಸಮಯ ಸಾಲದೆ ಕೊನೆಯ ಎರಡು ತಿಂಗಳ ಮೊತ್ತವನ್ನು ಕ್ಯಾಲ್ಕುಲೇಟರಿನಲ್ಲಿ ಲೆಕ್ಕ ಹಾಕಿ ನೇರವಾಗಿ ಟೈಪ್ ಮಾಡಿದ್ದಾರೆ. ಈಗ ತೀರ್ಪುಗಾರರು ರಿಯಾಯಿತಿಯನ್ನು ಶೇ 6 ಎಂದು ಬದಲಿಸಿದರೆ ಮೊದಲ ಶೀಟ್ ಒಂದೇ ಕ್ಷಣದಲ್ಲಿ ಹೊಸ ಉತ್ತರ ಕೊಡುತ್ತದೆ. ಎರಡನೆಯದರಲ್ಲಿ ಹತ್ತು ಸೂತ್ರಗಳನ್ನು ಹುಡುಕಿ ತಿದ್ದಬೇಕು, ತಿದ್ದಿದ ಮೇಲೂ ಕೊನೆಯ ಎರಡು ತಿಂಗಳು ಹಳೆಯ ದರದಲ್ಲೇ ಉಳಿದಿರುತ್ತವೆ, ಮತ್ತು ಹಾಗೆ ಉಳಿದಿವೆ ಎಂದು ಹೇಳುವ ಯಾವ ಗುರುತೂ ಶೀಟಿನಲ್ಲಿ ಇರುವುದಿಲ್ಲ. ಮುದ್ರಿತ ಪ್ರತಿಯನ್ನು ಮಾತ್ರ ನೋಡುವ ಸ್ಪರ್ಧೆಯಲ್ಲಿ ಎರಡನೆಯವರು ಒಂದು ನಿಮಿಷ ಮೊದಲು ಮುಗಿಸಿದ ಕಾರಣಕ್ಕೆ ಗೆಲ್ಲುತ್ತಾರೆ.

ಇನ್ನೂ ಸಾಮಾನ್ಯವಾದ ತಪ್ಪೊಂದಿದೆ. ಒಟ್ಟು ಮೊತ್ತದ ಸೂತ್ರ ಬಿ ಕಾಲಂನ 2ನೇ ಸಾಲಿನಿಂದ (ಬಿ2) 13ನೇ ಸಾಲಿನವರೆಗೆ (ಬಿ13) ಕೂಡಿಸುತ್ತಿರುತ್ತದೆ. ಆಮೇಲೆ ಬಿ14ರಲ್ಲಿ ಇನ್ನೊಂದು ಬಾಬ್ತು ಸೇರುತ್ತದೆ, ಸೂತ್ರ ಮಾತ್ರ ಬಿ13ಕ್ಕೇ ನಿಂತಿರುತ್ತದೆ. ಮೊತ್ತ ನೋಡಲು ಸರಿಯಾಗಿಯೇ ಕಾಣುತ್ತದೆ. ಕೈಬರಹದ ಲೆಕ್ಕಪುಸ್ತಕದ ಕಾಲದಲ್ಲಿ ಅಡ್ಡ ಮೊತ್ತ ಮತ್ತು ಉದ್ದ ಮೊತ್ತ ತಾಳೆಯಾಗುವವರೆಗೆ ಗುಮಾಸ್ತರು ಪುಸ್ತಕ ಮುಚ್ಚುತ್ತಿರಲಿಲ್ಲ. ಶೀಟಿನ ಒಂದು ಮೂಲೆಯಲ್ಲಿ ಅದೇ ತಾಳೆಯನ್ನು ನೋಡುವ ಸೆಲ್ ಒಂದನ್ನು ಇಟ್ಟು, ವ್ಯತ್ಯಾಸ ಸೊನ್ನೆಯಾಗದಿದ್ದರೆ ಕೆಂಪಾಗುವಂತೆ ಮಾಡಲು ಒಂದು ನಿಮಿಷವೂ ಬೇಡ. ಆ ಒಂದು ನಿಮಿಷವನ್ನು ಖರ್ಚು ಮಾಡಿದ ವಿದ್ಯಾರ್ಥಿಗೆ ಹೆಚ್ಚಿನ ಅಂಕ ಕೊಡುವ ಸ್ಪರ್ಧೆ ಎಲ್ಲಿದೆ?

ಇವೆಲ್ಲ ಚಿಕ್ಕ ವಿಷಯಗಳು ಎನ್ನುವವರಿಗೆ, ಜಗತ್ತು ಕಂಡ ಕೆಲವು ದೊಡ್ಡ ಪ್ರಮಾದಗಳು ಇಂಥ ಚಿಕ್ಕ ವಿಷಯಗಳೇ ಆಗಿದ್ದವು ಎಂದು ನೆನಪಿಸಬೇಕು. ಅರ್ಥಶಾಸ್ತ್ರಜ್ಞರಾದ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ 2010ರಲ್ಲಿ ಪ್ರಕಟಿಸಿದ ಪ್ರಬಂಧವೊಂದು, ಸರ್ಕಾರದ ಸಾಲ ರಾಷ್ಟ್ರೀಯ ಉತ್ಪನ್ನದ ಶೇ 90ನ್ನು ಮೀರಿದ ದೇಶಗಳಲ್ಲಿ ಆರ್ಥಿಕ ಬೆಳವಣಿಗೆಯ ಸರಾಸರಿ ಸೊನ್ನೆಗಿಂತಲೂ ಕೆಳಗೆ, ಅಂದರೆ ಮೈನಸ್ ಶೇ 0.1 ಆಗಿತ್ತೆಂದು ಹೇಳಿತು. ಸರ್ಕಾರಗಳು ಖರ್ಚು ಕಡಿತ ಮಾಡಬೇಕೆಂದು ವಾದಿಸುತ್ತಿದ್ದವರು ಹಲವು ದೇಶಗಳಲ್ಲಿ ಈ ಪ್ರಬಂಧವನ್ನು ಉಲ್ಲೇಖಿಸಿದರು. ಮೆಸಾಚುಸೆಟ್ಸ್ ವಿಶ್ವವಿದ್ಯಾಲಯದ ಆಮ್‌ಹರ್ಸ್ಟ್ ಕ್ಯಾಂಪಸ್ಸಿನ ವಿದ್ಯಾರ್ಥಿ ಥಾಮಸ್ ಹರ್ಂಡನ್ ತರಗತಿಯ ಅಭ್ಯಾಸದ ಕೆಲಸವಾಗಿ ಅದೇ ಲೆಕ್ಕವನ್ನು ಮತ್ತೆ ಮಾಡಲು ಹೊರಟಾಗ ಉತ್ತರ ತಾಳೆಯಾಗಲಿಲ್ಲ. ಲೇಖಕರನ್ನು ಕೇಳಿ ಅವರ ಮೂಲ ಎಕ್ಸೆಲ್ ಫೈಲನ್ನು ತರಿಸಿಕೊಂಡು ನೋಡಿದರೆ, ಸರಾಸರಿಯ ಸೂತ್ರ 30ನೇ ಸಾಲಿನಿಂದ 44ನೇ ಸಾಲಿಗೇ ನಿಂತಿತ್ತು. 49ನೇ ಸಾಲಿನವರೆಗೆ ಹೋಗಬೇಕಿತ್ತು. ಹೀಗೆ ಆಸ್ಟ್ರೇಲಿಯಾ, ಆಸ್ಟ್ರಿಯಾ, ಬೆಲ್ಜಿಯಂ, ಕೆನಡಾ ಮತ್ತು ಡೆನ್ಮಾರ್ಕ್ ಐದೂ ದೇಶಗಳು ಲೆಕ್ಕದಿಂದ ಹೊರಗುಳಿದಿದ್ದವು. ಕೆಲವು ವರ್ಷಗಳ ಮಾಹಿತಿಯನ್ನು ಬಿಟ್ಟಿದ್ದು, ದೇಶಗಳಿಗೆ ತೂಕ ಕೊಟ್ಟ ಕ್ರಮ ಇವು ಇನ್ನೂ ದೊಡ್ಡ ವ್ಯತ್ಯಾಸಕ್ಕೆ ಕಾರಣವಾಗಿದ್ದವು. ಎಲ್ಲವನ್ನೂ ಸರಿಪಡಿಸಿದಾಗ ಸರಾಸರಿ ಶೇ 2.2 ಎಂದು ಹರ್ಂಡನ್ ಮತ್ತು ಅವರ ಇಬ್ಬರು ಪ್ರಾಧ್ಯಾಪಕರು 2013ರಲ್ಲಿ ತೋರಿಸಿಕೊಟ್ಟರು. ಸೂತ್ರದ ತಪ್ಪನ್ನು ಮೂಲ ಲೇಖಕರೂ ಒಪ್ಪಿಕೊಂಡರು, ತಮ್ಮ ಮುಖ್ಯ ನಿಲುವನ್ನು ಮಾತ್ರ ಬಿಡಲಿಲ್ಲ.

ಈ ಪ್ರಸಂಗವನ್ನು ಸ್ವಲ್ಪ ಉದ್ದವಾಗಿಯೇ ಹೇಳಿದ್ದಕ್ಕೆ ಕಾರಣವಿದೆ. ತಪ್ಪನ್ನು ಹಿಡಿದವರು ವಿದ್ಯಾರ್ಥಿ. ಅವರಿಗೆ ನೆರವಾದದ್ದು ಇನ್ನೊಬ್ಬರ ಶೀಟನ್ನು ತೆರೆದು, ಸೂತ್ರ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಸಾಲು ಸಾಲಾಗಿ ಓದುವ ಅಭ್ಯಾಸ. ನಮ್ಮ ಸ್ಪರ್ಧೆಗಳು ಯಾವ ಸುತ್ತಿನಲ್ಲಿ ಈ ಅಭ್ಯಾಸವನ್ನು ಪರೀಕ್ಷಿಸುತ್ತಿವೆ?

ಇನ್ನೆರಡು ಪ್ರಸಂಗಗಳನ್ನು ಸಂಕ್ಷೇಪವಾಗಿ ಹೇಳುತ್ತೇನೆ. 2020ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯ ದೈನಿಕ ವರದಿಗಳಿಂದ 15,841 ಕೋವಿಡ್ ಪ್ರಕರಣಗಳು ಬಿಟ್ಟುಹೋಗಿದ್ದವೆಂದು ಬೆಳಕಿಗೆ ಬಂತು. ಪ್ರಯೋಗಾಲಯಗಳಿಂದ ಬಂದ ಮಾಹಿತಿಯನ್ನು 65,536 ಸಾಲುಗಳಿಗಿಂತ ಹೆಚ್ಚು ಹಿಡಿಸದ ಹಳೆಯ ಎಕ್ಸೆಲ್ ಫೈಲ್ ಮಾದರಿಗೆ ತುಂಬುತ್ತಿದ್ದುದರಿಂದ ಹೆಚ್ಚುವರಿ ಸಾಲುಗಳು ಸದ್ದಿಲ್ಲದೆ ಉದುರಿಹೋಗಿದ್ದವು, ಆ ಸೋಂಕಿತರ ಸಂಪರ್ಕಕ್ಕೆ ಬಂದವರಿಗೆ ಎಚ್ಚರಿಕೆ ತಲುಪುವುದು ತಡವಾಯಿತು. 2007ರ ನಂತರದ ಮಾದರಿ 10,48,576 ಸಾಲುಗಳನ್ನು ಹಿಡಿಸುತ್ತದೆ. ಒಳಗೆ ಹೋದ ಸಾಲುಗಳೆಷ್ಟು, ಹೊರಗೆ ಬಂದ ಸಾಲುಗಳೆಷ್ಟು ಎಂದು ಎಣಿಸುವ ಒಂದು ಸೆಲ್ ಇದ್ದಿದ್ದರೂ ಸಾಕಿತ್ತು. ಇನ್ನೊಂದು ವಂಶವಾಹಿಗಳ ಹೆಸರಿನದು. 'ಮಾರ್ಚ್1', 'ಸೆಪ್ಟ್2' ಎಂಬಂಥ ಸಂಕೇತನಾಮಗಳನ್ನು ಎಕ್ಸೆಲ್ ತಾನಾಗಿಯೇ ದಿನಾಂಕಗಳಾಗಿ ಬದಲಿಸಿಬಿಡುತ್ತಿತ್ತು. ಪ್ರಕಟವಾದ ಸಂಶೋಧನೆಗಳ ಪಟ್ಟಿಗಳಲ್ಲೂ ಈ ದೋಷ ಎಷ್ಟು ಹರಡಿತ್ತೆಂದರೆ ಕೊನೆಗೆ 2020ರಲ್ಲಿ ಮಾನವ ವಂಶವಾಹಿಗಳ ಹೆಸರಿಡುವ ಸಮಿತಿಯೇ ಆ ಹೆಸರುಗಳನ್ನು ಬದಲಿಸಿತು. ತಂತ್ರಾಂಶದ ಒಂದು ಸ್ವಭಾವಕ್ಕಾಗಿ ವಿಜ್ಞಾನವೇ ತನ್ನ ಹೆಸರುಗಳನ್ನು ಬಿಟ್ಟುಕೊಡಬೇಕಾಯಿತು.

ಇದೇ ಸ್ವಭಾವ ಸಾಮಾನ್ಯ ಕಚೇರಿಯಲ್ಲಿ ದಿನವೂ ಎದುರಾಗುತ್ತದೆ. ಸೊನ್ನೆಯಿಂದ ಆರಂಭವಾಗುವ ಗ್ರಾಹಕ ಸಂಖ್ಯೆಯನ್ನು ಹಾಗೆಯೇ ಟೈಪ್ ಮಾಡಿದರೆ ಮೊದಲ ಸೊನ್ನೆ ಮಾಯವಾಗುತ್ತದೆ. ಹದಿನಾರು ಅಂಕಿಗಳ ಸಂಖ್ಯೆ ಹಾಕಿದರೆ ಎಕ್ಸೆಲ್ ಹದಿನೈದನ್ನು ಮಾತ್ರ ಉಳಿಸಿಕೊಂಡು ಕೊನೆಯದನ್ನು ಸೊನ್ನೆ ಮಾಡುತ್ತದೆ. 3/4 ಎಂದು ಬರೆದದ್ದು ಒಂದು ಯಂತ್ರದಲ್ಲಿ ಏಪ್ರಿಲ್ 3, ಇನ್ನೊಂದರಲ್ಲಿ ಮಾರ್ಚ್ 4. ಬಿಲ್ಲಿನ ಮೂರು ಸಾಲುಗಳಲ್ಲಿ ತೆರಿಗೆ ತಲಾ 0.334 ಬಂದರೆ ಪರದೆ 0.33 ಎಂದು ತೋರಿಸುತ್ತದೆ, ಒಟ್ಟು ಮಾತ್ರ 1.00 ಎನ್ನುತ್ತದೆ, ಕೈಯಲ್ಲಿ ಕೂಡಿಸಿ ನೋಡಿದ ಗ್ರಾಹಕರಿಗೆ 0.99 ಬರುತ್ತದೆ. ತೋರಿಕೆಯನ್ನು ಎರಡು ದಶಮಾಂಶಕ್ಕೆ ಇಳಿಸುವುದಕ್ಕೂ ಮೌಲ್ಯವನ್ನೇ ಎರಡು ದಶಮಾಂಶಕ್ಕೆ ದುಂಡುಗೊಳಿಸುವುದಕ್ಕೂ ಇರುವ ವ್ಯತ್ಯಾಸ ಗೊತ್ತಿಲ್ಲದೆ ಯಾರೂ ಬಿಲ್ ತಯಾರಿಸಬಾರದು ಎಂದು ನಾನು ತರಗತಿಗಳಲ್ಲಿ ಮತ್ತೆ ಮತ್ತೆ ಹೇಳುತ್ತೇನೆ. ಸ್ಪರ್ಧೆಗಳಿಗೆ ಕೊಡುವ ಮಾಹಿತಿಯಾದರೋ ಮೊದಲೇ ತೊಳೆದು ಒರೆಸಿ ಇಟ್ಟಂತೆ ಶುದ್ಧವಾಗಿರುತ್ತದೆ. ಒಂದೇ ಗ್ರಾಹಕರ ಹೆಸರು ಮೂರು ರೀತಿಯ ಕಾಗುಣಿತದಲ್ಲಿ, ಅಂಕಿಯಂತೆ ಕಂಡರೂ ತಂತ್ರಾಂಶ ಅಕ್ಷರವೆಂದೇ ಓದುವ ನಮೂದುಗಳು, ಎರಡು ಬಾರಿ ನಮೂದಾದ ರಸೀದಿ ಇಂಥವು ಇರುವ ಫೈಲನ್ನು ಕೊಟ್ಟು, ತಿದ್ದಿದ್ದೇನು ಮತ್ತು ಏಕೆ ಎಂಬುದನ್ನೂ ಬರೆದಿಡಲು ಹೇಳಿದರೆ ವಿದ್ಯಾರ್ಥಿಯ ನಿಜವಾದ ಸಾಮರ್ಥ್ಯ ತಿಳಿಯುತ್ತದೆ.

ಪದಸಂಸ್ಕರಣೆಯ ಸ್ಪರ್ಧೆಯಲ್ಲೂ ಇದೇ ಕಥೆ. ಶೀರ್ಷಿಕೆಗಳನ್ನು ಕೈಯಿಂದ ದಪ್ಪ ಮಾಡಿ, ಸ್ಪೇಸ್ ಒತ್ತಿ ಒತ್ತಿ ಪದಗಳನ್ನು ನಡುವಿಗೆ ತಂದು, ಎಂಟರ್ ಒತ್ತಿ ಒತ್ತಿ ಮುಂದಿನ ಪುಟಕ್ಕೆ ಹೋದ ದಾಖಲೆಯೂ ಕಾಗದದ ಮೇಲೆ ಅಂದವಾಗಿಯೇ ಕಾಣುತ್ತದೆ. ಅದರ ನಡುವೆ ಒಂದು ಪ್ಯಾರಾ ಸೇರಿಸಿದ ಕೂಡಲೇ ಎಲ್ಲವೂ ಅಸ್ತವ್ಯಸ್ತವಾಗುತ್ತದೆ. ಸ್ಟೈಲ್‌ಗಳನ್ನು, ಅಂದರೆ ಶೀರ್ಷಿಕೆ, ಪ್ಯಾರಾ ಮುಂತಾದವಕ್ಕೆ ತಂತ್ರಾಂಶದಲ್ಲೇ ಇರುವ ಹೆಸರಿಸಿದ ವಿನ್ಯಾಸಗಳನ್ನು, ಬಳಸಿ ಕಟ್ಟಿದ ದಾಖಲೆಯಲ್ಲಿ ಪರಿವಿಡಿ ತಾನಾಗಿ ತಯಾರಾಗುತ್ತದೆ, ಪುಟಸಂಖ್ಯೆಗಳನ್ನು ಒಂದು ಕ್ಲಿಕ್ಕಿನಲ್ಲಿ ಹೊಸದಾಗಿಸಬಹುದು. ದೃಷ್ಟಿದೋಷವಿರುವ ಸಹೋದ್ಯೋಗಿ ಪರದೆ ಓದುವ ತಂತ್ರಾಂಶದ ಮೂಲಕ ಶೀರ್ಷಿಕೆಯಿಂದ ಶೀರ್ಷಿಕೆಗೆ ಹೋಗಬಲ್ಲರು. ಕೈಯಿಂದ ದಪ್ಪ ಮಾಡಿದ ಶೀರ್ಷಿಕೆ ಆ ತಂತ್ರಾಂಶಕ್ಕೆ ಶೀರ್ಷಿಕೆಯೇ ಅಲ್ಲ. ಕೊನೆಯ ಈ ಅಂಶಕ್ಕೆ ಅಂಕ ಮೀಸಲಿಟ್ಟ ಸ್ಪರ್ಧೆಯನ್ನು ನಾನು ತೀರ್ಪುಗಾರನಾಗಿ ಹೋದ ಕಡೆ ಕಂಡಿಲ್ಲ ಎಂಬುದು ನನಗೆ ನಿಜಕ್ಕೂ ನೋವಿನ ವಿಷಯ. ಪ್ರಸ್ತುತಿಯ ಸ್ಪರ್ಧೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. 95 ಮತ್ತು 98ನ್ನು ಹೋಲಿಸುವ ಕಂಬಚಿತ್ರದ ಅಕ್ಷವನ್ನು 90ರಿಂದ ಆರಂಭಿಸಿ ಅಲ್ಪ ವ್ಯತ್ಯಾಸವನ್ನು ಬೆಟ್ಟದಷ್ಟು ಮಾಡಿ ತೋರಿಸಿದವರಿಗೆ ಅಂಕ ಕಡಿಮೆಯಾಗಬೇಕು, ಅಷ್ಟೇ.

ಸಂಘಟಕರ ಕಷ್ಟ ನನಗೆ ತಿಳಿಯದ್ದೇನಲ್ಲ. ಸಾವಿರಾರು ಸ್ಪರ್ಧಿಗಳಿರುವಾಗ ಪ್ರತಿ ಫೈಲನ್ನೂ ತೆರೆದು ಓದಲು ತೀರ್ಪುಗಾರರು ಎಲ್ಲಿಂದ ಬರಬೇಕು, ಯಂತ್ರ ತಿದ್ದಿದರೆ ಪಕ್ಷಪಾತದ ದೂರು ಬರುವುದಿಲ್ಲ, ಮನುಷ್ಯರು ತಿದ್ದಿದರೆ ಬಂದೇ ಬರುತ್ತದೆ ಎಂದು ಅವರು ಹೇಳುತ್ತಾರೆ. ಮೊದಲನೆಯ ಮಾತಿಗೆ ಉತ್ತರ ಯಂತ್ರದಲ್ಲೇ ಇದೆ. ಪ್ರಶ್ನೆಪತ್ರಿಕೆಯಲ್ಲಿ ಮೂಲ ಅಂಕಿಗಳು ಯಾವ ಸೆಲ್‌ಗಳಲ್ಲಿರಬೇಕು, ಉತ್ತರಗಳು ಯಾವ ಸೆಲ್‌ಗಳಲ್ಲಿ ಬರಬೇಕು ಎಂದು ಮೊದಲೇ ಗೊತ್ತುಪಡಿಸಿದರೆ, ಸ್ಪರ್ಧೆ ಮುಗಿದ ಮೇಲೆ ಸಂಘಟಕರು ಸ್ಪರ್ಧಿಗಳು ನೋಡಿರದ ಇನ್ನೊಂದು ಅಂಕಿಗುಚ್ಛವನ್ನು ಪ್ರತಿ ಫೈಲಿಗೂ ಯಾಂತ್ರಿಕವಾಗಿ ತುಂಬಿ, ಉತ್ತರ ಸರಿಯಾಗಿ ಬದಲಾಯಿತೇ ಎಂದು ನೋಡಬಹುದು. ಸೂತ್ರದ ಬದಲು ಅಂಕಿ ಟೈಪ್ ಮಾಡಿದವರು ಅಲ್ಲೇ ಸಿಕ್ಕಿಬೀಳುತ್ತಾರೆ. ಇದಕ್ಕೆ ಒಬ್ಬ ತೀರ್ಪುಗಾರರೂ ಬೇಕಿಲ್ಲ.

ಎರಡನೆಯ ಮಾತಿಗೆ, ಮನುಷ್ಯರ ತೀರ್ಮಾನವನ್ನು ಕ್ರಮಬದ್ಧವಾಗಿ ಅಂಕವಾಗಿಸಿದ ಉದಾಹರಣೆ ನಮ್ಮೆದುರಿಗೇ ಇದೆ. 1950ರಲ್ಲಿ ಸ್ಪೇನಿನ ಮ್ಯಾಡ್ರಿಡ್‌ನಲ್ಲಿ ಸ್ಪೇನ್ ಮತ್ತು ಪೋರ್ಚುಗಲ್ ನಡುವಿನ ಸ್ಪರ್ಧೆಯಾಗಿ ಆರಂಭವಾಗಿ ಇಂದು ವರ್ಲ್ಡ್‌ಸ್ಕಿಲ್ಸ್ ಎಂದು ಹೆಸರಾಗಿರುವ ಅಂತರರಾಷ್ಟ್ರೀಯ ಕೌಶಲ ಸ್ಪರ್ಧೆಯಲ್ಲಿ ತಂತ್ರಾಂಶ ರೂಪಿಸುವ ವಿಭಾಗವೂ ಇದೆ. ಅಲ್ಲಿ ಅಳತೆಯಿಂದ ಬರುವ ಅಂಕಗಳು ಬೇರೆ, ತೀರ್ಮಾನದಿಂದ ಬರುವ ಅಂಕಗಳು ಬೇರೆ. ತೀರ್ಮಾನದ ಅಂಶಗಳಿಗೆ ಮೂವರು ತಜ್ಞರು 0ಯಿಂದ 3ರವರೆಗಿನ ಮಾನದಂಡದಲ್ಲಿ ತಮ್ಮ ತಮ್ಮ ಅಂಕವನ್ನು ಪ್ರತ್ಯೇಕವಾಗಿ ಕೊಡುತ್ತಾರೆ. ಉದ್ಯಮದಲ್ಲಿ ಒಪ್ಪಿತವಾದ ಗುಣಮಟ್ಟಕ್ಕೆ ಕೆಲಸ ಎಷ್ಟು ಹತ್ತಿರವಿದೆ ಎಂಬುದೇ ಆ ಮಾನದಂಡ. ಮೂವರ ಅಂಕಗಳ ನಡುವೆ ಒಂದಕ್ಕಿಂತ ಹೆಚ್ಚಿನ ಅಂತರ ಬಂದರೆ ಚರ್ಚಿಸಿ ಸರಿಪಡಿಸಿಕೊಳ್ಳಬೇಕು. ಬಡಗಿಯ ಕೆಲಸ, ಅಡುಗೆ, ಕೇಶವಿನ್ಯಾಸದಂಥ ಕೌಶಲಗಳನ್ನು ಈ ಕ್ರಮದಲ್ಲಿ ಅಳೆಯಲು ಸಾಧ್ಯವಾಗಿರುವಾಗ ಒಂದು ಲೆಕ್ಕದ ಶೀಟಿನ ಓದಿಸಿಕೊಳ್ಳುವ ಗುಣವನ್ನು ಅಳೆಯಲು ಏಕೆ ಸಾಧ್ಯವಿಲ್ಲ? ಎಲ್ಲ ಸ್ಪರ್ಧಿಗಳಿಗೂ ಬೇಡ, ಅಂತಿಮ ಸುತ್ತಿಗೆ ಬಂದವರಿಗಾದರೂ ಇದನ್ನು ಜಾರಿಗೆ ತರಬಹುದು.

ನಾನು ಎಲ್ಲಕ್ಕಿಂತ ಹೆಚ್ಚಾಗಿ ಬಯಸುವುದು ಫೈಲುಗಳನ್ನು ಅದಲುಬದಲು ಮಾಡುವ ಒಂದು ಸುತ್ತನ್ನು. ಮುಖ್ಯ ಕೆಲಸ ಮುಗಿದ ಮೇಲೆ ಪ್ರತಿ ಸ್ಪರ್ಧಿಯ ಫೈಲನ್ನು ಹೆಸರು ಅಳಿಸಿ ಇನ್ನಿಬ್ಬರು ಸ್ಪರ್ಧಿಗಳಿಗೆ ಕೊಡಬೇಕು. ಅವರಿಗೆ ಇಪ್ಪತ್ತು ನಿಮಿಷ ಸಮಯ. ವ್ಯವಹಾರದಲ್ಲಿ ಆಗಿರುವ ಒಂದು ಬದಲಾವಣೆಯನ್ನು, ಉದಾಹರಣೆಗೆ ಹೊಸ ಶಾಖೆಯೊಂದು ಸೇರಿದೆ ಅಥವಾ ರಿಯಾಯಿತಿ ಎರಡು ಹಂತಗಳಾಗಿದೆ ಎಂಬುದನ್ನು, ಆ ಅಪರಿಚಿತ ಫೈಲಿನಲ್ಲಿ ಅಳವಡಿಸಬೇಕು, ಕಂಡ ದೋಷಗಳನ್ನು ಬರೆದು ಕೊಡಬೇಕು. ಅಳವಡಿಸಿದವರಿಗೆ ಅಂಕ, ಸುಲಭವಾಗಿ ಅಳವಡಿಸಲು ಬರುವಂತೆ ಕಟ್ಟಿದವರಿಗೂ ಅಂಕ. ಒಬ್ಬರೇ ನೋಡಿದರೆ ಅವರ ಅಸಾಮರ್ಥ್ಯದಿಂದ ಮೂಲ ಸ್ಪರ್ಧಿಗೆ ಅನ್ಯಾಯವಾಗಬಹುದು, ಹಾಗಾಗಿಯೇ ಇಬ್ಬರಿಗೆ ಕೊಡಬೇಕೆಂದು ಹೇಳಿದೆ. ಕಚೇರಿಗೆ ಹೊಸದಾಗಿ ಸೇರಿದವರು ಮೊದಲ ದಿನ ಮಾಡುವುದು ಇದನ್ನೇ: ಬಿಟ್ಟುಹೋದವರ ಫೈಲನ್ನು ತೆರೆದು, ಯಾವ ಅಂಕಿ ಎಲ್ಲಿಂದ ಬಂತು ಎಂದು ಹುಡುಕುತ್ತ ಕೂರುತ್ತಾರೆ. ಖಾಲಿ ಶೀಟಿನಿಂದ ಕೆಲಸ ಆರಂಭಿಸುವ ಭಾಗ್ಯ ಕಚೇರಿಯಲ್ಲಿ ಅಪರೂಪ, ಸ್ಪರ್ಧೆಯಲ್ಲಿ ಮಾತ್ರ ಯಾವಾಗಲೂ ಅದೇ.

ವೇಗ ಬೇಡವೇ ಎಂದು ಕೇಳಬಹುದು. ಬೇಕು. ತಿಂಗಳ ಕೊನೆಯಲ್ಲಿ ಲೆಕ್ಕ ಮುಗಿಸುವಾಗ, ಟೆಂಡರಿನ ಗಡುವು ಹತ್ತಿರವಿರುವಾಗ ವೇಗದ ಬೆಲೆ ತಿಳಿಯುತ್ತದೆ. ಶಾರ್ಟ್‌ಕಟ್ ಕೀಲಿಗಳನ್ನು ರೂಢಿಸಿಕೊಂಡವರಿಗೆ ಯೋಚಿಸಲು ಹೆಚ್ಚು ಸಮಯ ಉಳಿಯುತ್ತದೆ ಎಂಬುದೂ ನಿಜ. ಎಕ್ಸೆಲ್ ವಿಶ್ವ ಚಾಂಪಿಯನ್‌ಷಿಪ್ಪನ್ನು 2021ರಿಂದ 2023ರವರೆಗೆ ಸತತ ಮೂರು ಬಾರಿ ಗೆದ್ದ ಆಸ್ಟ್ರೇಲಿಯಾದ ಆ್ಯಂಡ್ರೂ ನ್ಗೈ ವೃತ್ತಿಯಿಂದ ವಿಮಾಗಣಿತಜ್ಞರು. ಅಂಥವರ ವೇಗದ ಹಿಂದೆ ಸಮಸ್ಯೆಯನ್ನು ಮೊದಲು ಬಿಡಿಸಿ ನೋಡುವ ಕ್ರಮಬದ್ಧ ಮನಸ್ಸು ಕೆಲಸ ಮಾಡುತ್ತಿರುತ್ತದೆ. ಆದರೆ ಹತ್ತೊಂಬತ್ತು ನಿಮಿಷಕ್ಕೂ ಇಪ್ಪತ್ತು ನಿಮಿಷಕ್ಕೂ ನಡುವಿನ ಅಂತರವೇ ಪದಕವನ್ನು ನಿರ್ಧರಿಸುವಾಗ, ಕೊನೆಯ ನಿಮಿಷವನ್ನು ಪರಿಶೀಲನೆಗೆ ಬಳಸಿದ ವಿದ್ಯಾರ್ಥಿಗೆ ಶಿಕ್ಷೆಯಾಗುತ್ತದೆ. ಸಮಯ ಮಿತಿ ಇರಲಿ, ಮಿತಿಯೊಳಗೆ ಮುಗಿಸಿದವರ ನಡುವೆ ಸಮಯ ನೋಡಿ ಅಂಕ ಹಂಚುವುದು ಬೇಡ ಎಂಬುದು ನನ್ನ ಸಲಹೆ.

ಶಿಕ್ಷಕರಿಗೂ ಒಂದು ವಿನಂತಿ ಇದೆ. ಸ್ಪರ್ಧೆ ಹೇಗಿರುತ್ತದೋ ತಯಾರಿಯೂ ಹಾಗೆಯೇ ಆಗುತ್ತದೆ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಇಟ್ಟುಕೊಂಡು ಯಾವ ಮೆನುವಿನಲ್ಲಿ ಯಾವ ಗುಂಡಿ ಇದೆ ಎಂದು ಬಾಯಿಪಾಠ ಮಾಡಿಸುವ ತರಬೇತಿಯನ್ನು ನಾನು ನೋಡಿದ್ದೇನೆ. ತಂತ್ರಾಂಶದ ಹೊಸ ಆವೃತ್ತಿ ಬಂದು ಗುಂಡಿ ಜಾಗ ಬದಲಿಸಿದ ದಿನ ಆ ವಿದ್ಯೆ ಮುಗಿಯಿತು. ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ 1979ರಲ್ಲಿ ವಿಸಿಕ್ಯಾಲ್ಕ್ ಎಂಬ ಸ್ಪ್ರೆಡ್‌ಶೀಟ್ ತಂತ್ರಾಂಶವನ್ನು ತಂದಾಗಿನಿಂದ ಇಂದಿನವರೆಗೆ ಸಾಲು, ಕಾಲಂ, ಸೂತ್ರ, ಒಂದು ಅಂಕಿ ಬದಲಾದರೆ ಅದನ್ನು ಅವಲಂಬಿಸಿದವೆಲ್ಲ ಬದಲಾಗುವ ಗುಣ, ಇವು ಬದಲಾಗಿಲ್ಲ. ಎಕ್ಸೆಲ್ ಬಂದದ್ದು 1985ರಲ್ಲಿ. ಇಂದು ಹಣ ಕೊಡದೆ ಬಳಸಬಹುದಾದ ಲಿಬ್ರೆಆಫೀಸ್‌ನಲ್ಲೂ ತತ್ವ ಅದೇ. ಹೀಗಿರುವಾಗ ಒಂದೇ ಕಂಪನಿಯ ತಂತ್ರಾಂಶಕ್ಕೆ ಕಟ್ಟಿಹಾಕದೆ, ಓಪನ್‌ಡಾಕ್ಯುಮೆಂಟ್ ಎಂಬ ಮುಕ್ತ ಫೈಲ್ ಮಾದರಿಯಲ್ಲಿ ಉತ್ತರ ಸಲ್ಲಿಸುವ ಅವಕಾಶವನ್ನೂ ಕೊಟ್ಟರೆ, ದುಬಾರಿ ಪರವಾನಗಿ ಕೊಳ್ಳಲಾಗದ ಶಾಲೆಗಳ ಮಕ್ಕಳೂ ಸಮಾನವಾಗಿ ಸ್ಪರ್ಧಿಸಬಹುದು. ಆ ಮಾದರಿಗೆ 2006ರಲ್ಲೇ ಅಂತರರಾಷ್ಟ್ರೀಯ ಮಾನಕದ ಮಾನ್ಯತೆ ದೊರೆತಿದೆ.

ಕೃತಕ ಬುದ್ಧಿಮತ್ತೆಯ ಸಹಾಯಕಗಳು ಬಂದ ಮೇಲೆ ಈ ಮಾತು ಇನ್ನಷ್ಟು ತುರ್ತಾಗಿದೆ. ಬೇಕಾದ ಸೂತ್ರವನ್ನು ಸಾಮಾನ್ಯ ಭಾಷೆಯಲ್ಲಿ ಕೇಳಿದರೆ ಅವು ಬರೆದುಕೊಡುತ್ತವೆ, ಬಹಳ ಸಲ ಸರಿಯಾಗಿಯೇ ಬರೆದುಕೊಡುತ್ತವೆ. ಆದರೆ ಹುಡುಕಾಟದ ಸೂತ್ರದಲ್ಲಿ ನಿಖರ ಹೊಂದಾಣಿಕೆಯನ್ನು ಕೇಳದೆ ಬಿಟ್ಟರೆ, ವಿಲುಕಪ್ (VLOOKUP) ಎಂಬ ಎಕ್ಸೆಲ್‌ನ ಹಳೆಯ ಹುಡುಕಾಟದ ಸೂತ್ರದಲ್ಲಿ ತಾನಾಗಿಯೇ ಅಂದಾಜಿನ ಹೊಂದಾಣಿಕೆ ನಡೆದು, ಕ್ರಮವಾಗಿ ಜೋಡಿಸದ ಪಟ್ಟಿಯಲ್ಲಿ ಒಬ್ಬ ಗ್ರಾಹಕರ ಬಾಕಿ ಇನ್ನೊಬ್ಬರ ಹೆಸರಿಗೆ ಬರುತ್ತದೆ. ಅದನ್ನು ಹಿಡಿಯಬೇಕಾದವರು ಮನುಷ್ಯರೇ. ಸೂತ್ರ ಬರೆಯುವ ವೇಗಕ್ಕೆ ಬಹುಮಾನ ಕೊಡುತ್ತ ಹೋದರೆ ಯಂತ್ರಕ್ಕೆ ಸೋಲುವ ಕೌಶಲಕ್ಕೇ ಮಕ್ಕಳನ್ನು ತಯಾರು ಮಾಡಿದಂತಾಗುತ್ತದೆ.

ಕೊನೆಯದಾಗಿ ತಮ್ಮ ಪತ್ರಿಕೆಯಲ್ಲಿ ಒಂದು ಬೇಡಿಕೆ. ಇಂಥ ಸ್ಪರ್ಧೆಯ ಫಲಿತಾಂಶವನ್ನು ವರದಿ ಮಾಡುವಾಗ ವರದಿಗಾರರು ವಿಜೇತರ ಚಿತ್ರದ ಜೊತೆಗೆ ಅವರಿಗೆ ಕೊಟ್ಟ ಸಮಸ್ಯೆ ಏನು, ಅವರು ಅದನ್ನು ಹೇಗೆ ಬಿಡಿಸಿದರು ಎಂದು ನಾಲ್ಕು ಸಾಲು ಬರೆಯಲಿ. ಸಂಘಟಕರು ಪ್ರಶ್ನೆ, ಅಂಕಪಟ್ಟಿ, ವಿಜೇತರ ಫೈಲು ಮತ್ತು ಅದರ ಮೇಲೆ ತೀರ್ಪುಗಾರರು ಬರೆದ ಟಿಪ್ಪಣಿ ಇಷ್ಟನ್ನೂ ವಿಜೇತರ ಒಪ್ಪಿಗೆಯೊಂದಿಗೆ ಎಲ್ಲರಿಗೂ ಸಿಗುವಂತೆ ಪ್ರಕಟಿಸಲಿ. ಸೋತವರಿಗೂ, ಮುಂದಿನ ವರ್ಷ ಬರುವವರಿಗೂ ಅದಕ್ಕಿಂತ ಒಳ್ಳೆಯ ಪಠ್ಯ ಇನ್ನೊಂದಿಲ್ಲ. ಮುಂದಿನ ಸ್ಪರ್ಧೆಯ ನಿಯಮಗಳನ್ನು ಈಗ ಸಿದ್ಧಪಡಿಸುತ್ತಿರುವವರು ಒಟ್ಟು ಅಂಕಗಳಲ್ಲಿ ಕನಿಷ್ಠ ಕಾಲು ಭಾಗವನ್ನಾದರೂ ಫೈಲಿನ ಒಳರಚನೆಗೆ ಮತ್ತು ತಾಳೆ ನೋಡುವ ವ್ಯವಸ್ಥೆಗೆ ಮೀಸಲಿಟ್ಟು, ಅದನ್ನು ಪ್ರವೇಶಪತ್ರದ ಜೊತೆಗೇ ವಿದ್ಯಾರ್ಥಿಗಳಿಗೆ ತಿಳಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಲೆಕ್ಕಪರಿಶೋಧಕ